ಫ್ರಿಜ್ಜಿನಲ್ಲಿ ಕೂತ ಕ್ಯಾನು

ಧಾರವಾಡದಲ್ಲಿ ಎಂಟು ದಿನ ಎಸ್ಸೆಸ್ಸೆಲ್ಸಿ ಉತ್ತರಪತ್ರಿಕೆ ತಿದ್ದಿ ಸುನಿತಾ ಬೆಟಗೇರಿಯ ಮನೆಗೆ ಮರಳಿದಾಗ ಅತ್ತೆ ಶಾರದವ್ವ ಪಡಸಾಲೆಯ ಬರಿನೆಲದ ಮೇಲೆ ಮಲಗಿದ್ದರು. ತುಟಿ ಒಣಗಿ ಬಿರಿದಿದ್ದವು. ಪಕ್ಕದಲ್ಲಿ ಎರಡು ಖಾಲಿ ತಂಬಿಗೆ.

“ಎಷ್ಟ ಕುಡಿದ್ರೂ ನೀರಡಿಕಿ ಹೋಗವಲ್ದು, ಯವ್ವಾ.”

ಸುನಿತಾ ಬ್ಯಾಗನ್ನೂ ಇಳಿಸದೆ ಅವರ ಬೆರಳು ಚುಚ್ಚಿ ಸಕ್ಕರೆ ನೋಡಿದಳು. ನಾನೂರ ಅರವತ್ತು. ಇನ್ಸುಲಿನ್ ತರಲು ಓಡಿ ಫ್ರಿಜ್ಜು ತೆಗೆದರೆ ಒಳಗೆ ಹಲಗೆಗಳೇ ಇರಲಿಲ್ಲ. ಇಪ್ಪತ್ತು ಲೀಟರಿನ ಬಿಳಿ ಕ್ಯಾನೊಂದು ಕೂತಿತ್ತು. ಮುಚ್ಚಳದ ನಳಿಕೆಯಲ್ಲಿ ಗುಳ್ಳೆ ಏಳುತ್ತಿದ್ದವು.

ಗಂಡ ಕೊಟ್ರೇಶ ಕುಡಿಯಲು ಮನೆಯಲ್ಲೇ ಹುದುಗಿಸುತ್ತಿದ್ದ ಬೀರು ಅದು. ಚಳಿಗಾಲದಲ್ಲಿ ಹಿಡಿದ ಹುಚ್ಚು. ಬೇಸಿಗೆ ಬಂದಮೇಲೆ ಕ್ಯಾನಿಗೆ ಒದ್ದೆ ಗೋಣಿಚೀಲ ಸುತ್ತಿ, ಫ್ಯಾನು ಹಚ್ಚಿ, ತಾಸಿಗೊಮ್ಮೆ ಥರ್ಮಾಮೀಟರು ನೋಡುತ್ತಿದ್ದ. ಕಾವು ಏರಿದರೆ ಹುದುಗು ಕೆಟ್ಟು ರುಚಿ ಹಾಳಾಗುತ್ತದಂತೆ. ಗೋಣಿಚೀಲಕ್ಕೂ ಬಿಸಿಲು ಬಗ್ಗದಾದಾಗ ಫ್ರಿಜ್ಜನ್ನೇ ಖಾಲಿ ಮಾಡಿದ್ದ.

ಇನ್ಸುಲಿನ್ ಬಾಟಲಿಗಳು ಒಲೆಯ ಮೇಲಿನ ಮಾಡದಲ್ಲಿ, ಸಾಸಿವೆ ಡಬ್ಬಿಯ ಹಿಂದೆ ಸಿಕ್ಕವು. ಮೇಲೆ ತಗಡಿನ ಸೂರು. ಮುಟ್ಟಿದರೆ ಬಿಸಿ. ಆರು ದಿನದಿಂದ ಶಾರದವ್ವ, ಮಗ ಇಟ್ಟದ್ದು ಎಂದು ನಂಬಿ, ಕಾವಿಗೆ ಕೆಟ್ಟ ಆ ಔಷಧವನ್ನೇ ಚುಚ್ಚಿಕೊಂಡಿದ್ದರು.

ಸುನಿತಾ ಅತ್ತೆಯನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದಳು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಕೊಟ್ರೇಶ ಅಂಗಡಿಯಿಂದ ಓಡಿಬಂದು ತಾಯಿಯ ಪಾದ ಹಿಡಿದು ಅತ್ತ. ಆಮೇಲೆ ಹೊರಗೆ ಬಂದು ಮೆಲ್ಲಗೆ ಕೇಳಿದ:

“ಫ್ರಿಜ್ಜಿನ ಬಾಗಲಾ ಹಾಕಿ ಬಂದಿಯಲ್ಲ? ಇನ್ನ ನಾಕ ದಿನ ಥಂಡ ಬೇಕ ಅದಕ್ಕ.”

ಮದುವೆಯಾದ ಹನ್ನೊಂದು ವರ್ಷದಲ್ಲಿ ಸುನಿತಾ ಗಂಡನನ್ನು ಏಕವಚನದಲ್ಲಿ ಮಾತಾಡಿಸಿದವಳಲ್ಲ.

“ಬೀರು ಕೆಡ್ತೈತಿ ಅಂತ ತಾಸಿಗೊಮ್ಮೆ ಕಾವು ನೋಡ್ತಿ. ಹಡದಾಕಿ ಔಷಧ ಎಲ್ಲೈತಿ ಅಂತ ಒಮ್ಮೆರ ನೋಡೀಯೇನ?”

“ಅದಕ್ಕೂ ಥಂಡ ಬೇಕಂತ ನಂಗ ಗೊತ್ತಿದ್ದಿಲ್ಲ.”

“ಔಷಧದ ಡಬ್ಬಿ ಮ್ಯಾಲ ‘ಫ್ರಿಜ್ಜಿನಾಗ ಇಡ್ರಿ’ ಅಂತ ದಪ್ಪ ಅಕ್ಷರದಾಗ ನಾನ ಬರ್ದೇನಿ. ಓದಾಕ ಬರ್ತೈತಲ್ಲ ನಿನಗ?”



ಸಂಜೆ ಮನೆಗೆ ಬಂದವಳೇ ಒಬ್ಬಳೇ ಕ್ಯಾನು ಎಳೆದು ಹಿತ್ತಲ ಬಚ್ಚಲಿಗೆ ಬಗ್ಗಿಸಿದಳು. ಮಾಗಿದ ಹಣ್ಣಿನಂಥ ಒಳ್ಳೆಯ ವಾಸನೆ ಬಂತು. ಚೂರೂ ಕೆಟ್ಟಿರಲಿಲ್ಲ. ಅದಕ್ಕೇ ಅವಳ ಸಿಟ್ಟು ಇನ್ನಷ್ಟು ಏರಿತು.

ಮೂರನೆಯ ದಿನ ಶಾರದವ್ವ ಮನೆಗೆ ಬಂದರು. ಕೊಟ್ರೇಶ ಬೀರಿನ ಮಾತೆತ್ತದೆ ಫ್ರಿಜ್ಜು ತೊಳೆದು ಹಲಗೆ ಜೋಡಿಸಿದ.

“ಗೊತ್ತಿಲ್ದ ಮಾಡ್ಯಾನ, ಬಿಡವ್ವಾ,” ಎಂದರು ಶಾರದವ್ವ.

“ನೀವು ಬಿಡ್ರಿ, ಅತ್ತಿ. ನನ್ನ ಕೈಲೆ ಇನ್ನೂ ಆಗವಲ್ದು,” ಎಂದಳು ಸುನಿತಾ, ರೊಟ್ಟಿ ಬಡಿಯುತ್ತ.