ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ?

ಜಗತ್ತಿನಲ್ಲಿ ಯುದ್ಧಗಳು ನಡೆಯುತ್ತವೆ, ಸರಕಾರಗಳು ಬೀಳುತ್ತವೆ, ನದಿಗಳು ದಿಕ್ಕು ಬದಲಿಸುತ್ತವೆ. ಇವೆಲ್ಲದರ ನಡುವೆ, ವಿಮೆ ದಲ್ಲಾಳಿಗಳ ಕಚೇರಿಯೊಂದರ ವೆಬ್‌ಸೈಟಿನ ಮೊದಲ ಪುಟದಲ್ಲಿ ಕೊಡೆಯ ಚಿತ್ರ ಇರಬೇಕೇ ಬೇಡವೇ ಎಂಬ ಪ್ರಶ್ನೆ ಎರಡು ವಾರ ಇತ್ಯರ್ಥವಾಗದೆ ಉಳಿದಿತ್ತು ಎಂಬುದನ್ನು ಇತಿಹಾಸ ಗಮನಿಸಲಿಲ್ಲ. ಇತಿಹಾಸದ ಅಸಡ್ಡೆಗೆ ಇದೇನೂ ಮೊದಲ ಉದಾಹರಣೆಯಲ್ಲ.

ಕೊಡೆಯ ಪರ ನಿಂತವಳು ಕಚೇರಿಯ ಯಜಮಾನಿ. ಅಪ್ಪ ದಣಿದು ಮನೆಯಲ್ಲಿ ಕೂತ ಮೇಲೆ ವ್ಯವಹಾರ ಅವಳ ಕೈಗೆ ಬಂದಿತ್ತು. ಕೊಡೆಯ ವಿರುದ್ಧ ನಿಂತವರು ಅವಳ ಸೋದರತ್ತೆ. ಅಣ್ಣ ಕಚೇರಿ ತೆರೆದ ದಿನದಿಂದ ಕೌಂಟರಿನ ಹಿಂದೆ ಕೂತವರು. ಈ ಸೋದರಸೊಸೆ ಚಿಕ್ಕವಳಿದ್ದಾಗ ಶಾಲೆ ಮುಗಿಸಿ ನೇರ ಇಲ್ಲಿಗೇ ಬಂದು "ಅತ್ತೆ, ಹಸಿವು" ಎಂದು ರಾಗ ತೆಗೆಯುತ್ತಿದ್ದುದನ್ನು ಕೇಳಿ ಕೇಳಿ ಗಿರಾಕಿಗಳೂ ಹಾಗೆಯೇ ಕರೆಯತೊಡಗಿದರು. ಹೀಗೆ, ಮದುವೆಯ ಗೋಜಿಗೇ ಹೋಗದ ಆಕೆ ಒಬ್ಬ ಅಳಿಯನೂ ಇಲ್ಲದೆ ಇಡೀ ಬೀದಿಗೆ ಅತ್ತೆಯಾಗಿದ್ದರು.

ವೆಬ್‌ಸೈಟ್ ಮಾಡಿಕೊಡುವವನು ಮೂರು ಮಾದರಿಗಳನ್ನು ತಂದಿದ್ದ. ಒಂದರಲ್ಲಿ ಎರಡು ಕೈಗಳು, ಮೈಯಿಲ್ಲದೆ, ಪರಸ್ಪರ ಕುಲುಕುತ್ತಿದ್ದವು. ಇನ್ನೊಂದರಲ್ಲಿ ನೀಲಿ ಗಾಜಿನ ಕಟ್ಟಡವೊಂದು ಆಕಾಶಕ್ಕೆ ಏರಿತ್ತು. ಮೂರನೆಯದರಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಒಂದೇ ಕೊಡೆಯ ಕೆಳಗೆ ನಿಂತು ನಗುತ್ತಿದ್ದರು.

"ಇವರು ನಮ್ಮ ಗಿರಾಕಿಗಳಾ?" ಎಂದು ಅತ್ತೆ ಕನ್ನಡಕ ಏರಿಸಿ ಕೇಳಿದರು.

"ಇಲ್ಲಮ್ಮ, ದುಡ್ಡು ಕೊಟ್ಟು ತರೋ ಫೋಟೋ."

"ಅದೇ ಅಂದ್ಕೊಂಡೆ. ಪಾಲಿಸಿ ಕಟ್ಟೋರ ಮುಖದಲ್ಲಿ ಇಷ್ಟೊಂದು ಹಲ್ಲು ನಾನು ನೋಡಿಲ್ಲ."

"ಅತ್ತೆ, ಸುಮ್ಮನಿರಿ" ಎಂದಳು ಸೊಸೆ. "ಕೊಡೆ ಇರಲಿ. ಎಲ್ಲರ ಸೈಟಲ್ಲೂ ಇದೆ."

"ಹಂಗಿದ್ರೆ ನಮ್ದು ಯಾವುದು ಅಂತ ನಮಗೇ ಹೇಗೆ ಗೊತ್ತಾಗೋದು?"

ಕೊನೆಗೆ ಕೊಡೆಯೇ ಗೆದ್ದಿತು. ಅತ್ತೆಯ ಸಮಾಧಾನಕ್ಕೆ ಸೊಸೆ ಇನ್ನೊಂದು ಕೆಲಸ ಒಪ್ಪಿಸಿದಳು. "ರಿನ್ಯೂವಲ್‌ಗೆ ಬಂದವರನ್ನ ನೀವು ಏನೇನು ಕೇಳ್ತೀರೋ ಅಷ್ಟನ್ನೂ ಒಂದು ಹಾಳೆ ಮೇಲೆ ಬರೆದುಕೊಡಿ. ಇನ್ಮೇಲೆ ಸೈಟೇ ಕೇಳುತ್ತೆ."

ಅತ್ತೆ ಪ್ರಾಮಾಣಿಕವಾಗಿ ಬರೆದರು. ಗಾಡಿಯ ನಂಬರು. ವಿಳಾಸ. ಹಿಂದಿನ ವರ್ಷ ಕ್ಲೇಮ್ ಮಾಡಿದ್ದೀರಾ. ನಾಮಿನಿ ಯಾರು. ಆದರೆ ಇವೆಲ್ಲಕ್ಕೂ ಮೊದಲು, ಗಿರಾಕಿ ಎದುರಿನ ಕುರ್ಚಿಯಲ್ಲಿ ಕೂತು ಉಸಿರು ಬಿಡುವ ಹೊತ್ತಿಗೆ ಅವರು ಕೇಳುತ್ತಿದ್ದ ಪ್ರಶ್ನೆ ಬೇರೆ. ಅದನ್ನೂ ಬರೆದರು: ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ?

ವೆಬ್‌ಸೈಟಿನವನು ಪುಟಕ್ಕಿಷ್ಟು ಎಂದು ದುಡ್ಡು ತೆಗೆದುಕೊಳ್ಳುವವನೇ ಹೊರತು ಪುಟವನ್ನು ಓದುವವನಲ್ಲ. ಹಾಳೆಯಲ್ಲಿದ್ದುದನ್ನು ಇದ್ದ ಹಾಗೇ ಸೈಟಿಗೆ ಏರಿಸಿ, ಪ್ರತಿ ಪ್ರಶ್ನೆಯ ಮುಂದೆಯೂ ಒಂದೊಂದು ಕೆಂಪು ನಕ್ಷತ್ರ ಇಟ್ಟ. ನಕ್ಷತ್ರವಿದ್ದ ಪೆಟ್ಟಿಗೆ ತುಂಬದಿದ್ದರೆ ಪುಟ ಮುಂದಕ್ಕೆ ಹೋಗುತ್ತಿರಲಿಲ್ಲ. ಸೊಸೆ ಕೊಡೆಯ ನೆರಳಿನ ಬಣ್ಣ ಸರಿಪಡಿಸುವುದರಲ್ಲಿ ಮುಳುಗಿದ್ದರಿಂದ ಈ ಪ್ರಶ್ನೆಗಳಿದ್ದ ನಾಲ್ಕನೆಯ ಪುಟದ ಕಡೆ ಕಣ್ಣು ಹಾಯಿಸಲಿಲ್ಲ.

ಸೈಟು ಶುರುವಾಯಿತು, ಕುರ್ಚಿ ಖಾಲಿಯಾಯಿತು. ಯಾರೂ ಜಗಳವಾಡಿ ಬಿಟ್ಟು ಹೋದದ್ದಲ್ಲ. ಬರುವ ಅಗತ್ಯ ಬೀಳಲಿಲ್ಲ, ಅಷ್ಟೆ. ಒಂದು ಮಧ್ಯಾಹ್ನ ಸೊಸೆ ಆ ಕುರ್ಚಿಯನ್ನು ಗೋಡೆ ಬದಿಗೆ ಸರಿಸಿ ಅದರ ಮೇಲೆ ಪ್ರಿಂಟರ್ ಇಟ್ಟಳು. ಪ್ರಿಂಟರ್ ಅಲ್ಲಿ ಚೆನ್ನಾಗಿ ಹೊಂದಿಕೊಂಡಿತು.

ಅತ್ತೆಯ ಬಾಡಿಗೆ ಮನೆ ಎರಡು ಬಸ್ ನಿಲ್ದಾಣ ಆಚೆ. ಸಂಜೆ ಅಲ್ಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ, ಮರುದಿನ ಕಚೇರಿಯ ಬೀಗ ತೆಗೆಯುವವರೆಗೆ ಅವರ ಬಾಯಿಗೆ ಊಟ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಇದನ್ನು ಅವರು ಯಾರಿಗೂ ದೂರಿದವರಲ್ಲ. ಹಗಲಿನ ಮಾತಿನಲ್ಲಿ ರಾತ್ರಿಯದೂ ಮುಗಿದುಹೋಗುತ್ತಿತ್ತು. ಈಗ ಹಗಲಿನದೇ ತತ್ವಾರವಾಯಿತು. ಕೊರಿಯರ್ ತರುವವನನ್ನು ಒಮ್ಮೆ ನಿಲ್ಲಿಸಿಕೊಂಡು ಅವನ ಹೆಲ್ಮೆಟ್ಟಿನ ಬಗ್ಗೆ ಮಾತಾಡಿದರು. ಮರುದಿನದಿಂದ ಅವನು ಕವರನ್ನು ಬಾಗಿಲಿನ ಕೆಳಗೇ ತೂರಿಸಿ ಹೋಗತೊಡಗಿದ.

ಆದರೆ ಸೈಟಿನ ದಿನದಿನದ ನಿಗಾ ಅತ್ತೆಯ ಪಾಲಿಗೆ ಬಂದಿತ್ತು. ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಹಿಂದಿನ ದಿನ ತುಂಬಿ ಕಳಿಸಿದವರ ಉತ್ತರಗಳು ಸಾಲಾಗಿ ನಿಂತಿರುತ್ತಿದ್ದವು. ಮೊದಲ ದಿನವೇ ಅತ್ತೆ ಟೀ ಲೋಟ ಕೆಳಗಿಟ್ಟು ಮುಂದಕ್ಕೆ ಬಾಗಿದರು.

ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ?

"ಚೆನ್ನಾಗಿದ್ದಾರೆ" ಎಂದಿದ್ದರು ಬಹಳ ಜನ. ಒಬ್ಬರು ಚುಕ್ಕಿ ಇಟ್ಟಿದ್ದರು. ಒಬ್ಬರು "ಯಾಕೆ?" ಎಂದಿದ್ದರು. ಇನ್ನೊಬ್ಬರು "ಇದಕ್ಕೂ ಪ್ರೀಮಿಯಂ ಇದೆಯಾ?" ಎಂದು ವಿಚಾರಿಸಿದ್ದರು. ಆದರೆ ಇವರ ನಡುವೆ ಯಾರೋ ಒಬ್ಬಾಕೆ "ಮಗಳು ಗೋಡೆ ಹಿಡಿದು ನಡೀತಾಳೆ, ಗೋಡೆ ಮುಗಿದ ಕಡೆ ನಿಂತು ಬೈತಾಳೆ" ಎಂದು ಬರೆದಿದ್ದಳು. ಲಾರಿ ಚಾಲಕರೊಬ್ಬರು "ನಾನೊಬ್ಬನೇ. ಹೇಗಿದ್ದೀನಿ ಅಂತ ನೋಡ್ಕೊಂಡಿಲ್ಲ" ಎಂದಿದ್ದರು. ಕನ್ನಡಕದ ಅಂಗಡಿಯವರು, ಹಿಂದೆ ಕುರ್ಚಿ ಬಿಟ್ಟು ಏಳುವುದಕ್ಕೇ ಸತಾಯಿಸುತ್ತಿದ್ದವರು, ಸ್ಕೂಟರಿನ ಪಾಲಿಸಿಗೆಂದು ಬಂದು ಪೆಟ್ಟಿಗೆಯ ಅಂಚಿನವರೆಗೂ ತುಂಬಿಸಿದ್ದರು: "ಮನೆಯಾಕೆಯ ಮೊಣಕಾಲು ಹಾಗೇ ಇದೆ. ಭಾಮೈದ ನಾಲ್ಕು ದಿನಕ್ಕೆ ಅಂತ ಬಂದಿದ್ದಾನೆ. ಮೊನ್ನೆ ಬಟ್ಟೆ ಒಣಹಾಕೋಕೆ ತನ್ನದೇ ಬೇರೆ ಹಗ್ಗ ಕಟ್ಟಿಕೊಂಡ. ಲಕ್ಷಣ ಒಳ್ಳೆಯದಲ್ಲ."

ಅತ್ತೆ ಒಬ್ಬರೇ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಳಕೋಣೆಯಿಂದ ಸೊಸೆ "ಏನತ್ತೆ?" ಎಂದಾಗ "ಏನಿಲ್ಲ, ಸೈಟ್ ಚೆನ್ನಾಗಿ ಕೆಲಸ ಮಾಡ್ತಿದೆ" ಎಂದರು.

ಅಂದಿನಿಂದ ಅವರು ಬೆಳಿಗ್ಗೆ ಎಂದಿನದಕ್ಕಿಂತ ಒಂದು ಮುಂಚಿನ ಬಸ್ಸನ್ನೇ ಹಿಡಿಯತೊಡಗಿದರು. ಪ್ರತಿಯೊಬ್ಬರಿಗೂ ರಸೀದಿಯ ಕೆಳಗೆ ಎರಡು ಸಾಲು ಉತ್ತರ ಬರೆಯುತ್ತಿದ್ದರು. ಗೋಡೆ ಹಿಡಿದವಳಿಗೆ ಆಶೀರ್ವಾದ. ಲಾರಿಯವರಿಗೆ, ಬಿಡುವಾದಾಗ ರಕ್ತದೊತ್ತಡ ನೋಡಿಸಿಕೊಳ್ಳಿ ಎಂಬ ಬುದ್ಧಿಮಾತು. ಕನ್ನಡಕದವರಿಗೆ, ಹಗ್ಗ ಬಿಚ್ಚುವ ಉಪಾಯ. ಮರು ಉತ್ತರ ಯಾರಿಂದಲೂ ಬರುತ್ತಿರಲಿಲ್ಲ. ರಸೀದಿ ಕೈಗೆ ಬಂದ ಮೇಲೆ ಅದರ ಕೆಳಗೆ ಯಾರು ನೋಡುತ್ತಾರೆ ಎಂದು ಅತ್ತೆ ಯೋಚಿಸಲಿಲ್ಲ. ಜನಕ್ಕೆ ಕೆಲಸವಿರುತ್ತದೆ ಎಂದುಕೊಂಡರು.

ಕೆಲವು ತಿಂಗಳಾದ ಮೇಲೆ ವೆಬ್‌ಸೈಟಿನವನು ಲ್ಯಾಪ್‌ಟಾಪ್ ಹಿಡಿದು ಬಂದ. ಪರದೆಯ ಮೇಲೆ, ಸೈಟಿಗೆ ಬಂದವರ ಲೆಕ್ಕದ ಗೆರೆಯೊಂದು ಮೂರು ಪುಟ ನೆಟ್ಟಗೆ ಬಂದು, ನಾಲ್ಕನೆಯದರಲ್ಲಿ ಬಾವಿಗೆ ಹಾರಿತ್ತು.

"ಜನ ಇಲ್ಲಿ ತನಕ ಬರ್ತಾರೆ ಮೇಡಂ, ಆಮೇಲೆ ಓಡಿಹೋಗ್ತಾರೆ. ಸುಮಾರು ಅರ್ಧದಷ್ಟು ಜನ."

"ಏನಿದೆ ಅಲ್ಲಿ?" ಎಂದು ಸೊಸೆ ಇಣುಕಿದಳು. ಓದಿದಳು. ಮತ್ತೆ ಓದಿದಳು. "ಅತ್ತೆ!"

"ನೀನೇ ತಾನೇ ಹೇಳಿದ್ದು, ಕೇಳೋದನ್ನೆಲ್ಲ ಬರಿ ಅಂತ?"

"ಗಾಡಿ ಇನ್ಶೂರೆನ್ಸ್ ಮಾಡಿಸೋಕೆ ಬಂದವರನ್ನ ಮನೆ ವಿಷಯ ಕೇಳಿದ್ರೆ ಏನಂದುಕೊಳ್ತಾರೆ? ಸೈಟ್ ನಡೆಸ್ತಿದ್ದೀವಾ, ಹೆಣ್ಣು ನೋಡೋಕೆ ಬಂದಿದ್ದೀವಾ?"

"ನಾಮಿನಿ ಅಂತ ಇನ್ನೊಂದು ಪೆಟ್ಟಿಗೆ ಇದೆಯಲ್ಲ, ಅದರಲ್ಲಿ 'ಹಿಂದಿನಂತೆಯೇ' ಅಂತ ಟಿಕ್ ಹಾಕಿ ಹೋಗ್ತಾರೆ. ಒಬ್ಬ ಹೆಂಚಿನ ವ್ಯಾಪಾರಿ ಹಾಗೇ ಟಿಕ್ ಹಾಕಿದ್ರು. ಕೆಳಗೆ ನನ್ನ ಪೆಟ್ಟಿಗೆಯಲ್ಲಿ 'ಅವಳು ಹೋದಳು' ಅಂತಿತ್ತು. ನಾಮಿನಿ ಆ ತೀರಿಹೋದ ಹೆಂಡತಿಯೇ. ಫೋನ್ ಮಾಡಿ ಬದಲಾಯಿಸಿದ್ದು ಯಾರು? ನಿನ್ನ ಕೊಡೆಯಾ?"

ಸೊಸೆ ಲ್ಯಾಪ್‌ಟಾಪನ್ನು ತನ್ನ ಕಡೆ ಎಳೆದುಕೊಂಡಳು. "ಸರಿ. ಹಾಗಾದ್ರೆ 'ನಾಮಿನಿ ಬದುಕಿದ್ದಾರಾ' ಅಂತ ಕೇಳೋಣ."

"ಕೇಳು. ಮನೆಗೆ ಬಂದು ಒದೀತಾರೆ."

ವೆಬ್‌ಸೈಟಿನವನಿಗೆ ನಗು ತಡೆಯಲಾಗಲಿಲ್ಲ. "ಮೇಡಂ, ಪೆಟ್ಟಿಗೆ ಇರಲಿ. ಸ್ಟಾರ್ ಮಾತ್ರ ತೆಗೆದುಬಿಡೋಣ. ಇಷ್ಟ ಇದ್ದವರು ಬರೀತಾರೆ, ಇಲ್ಲದವರು ಮುಂದಕ್ಕೆ ಹೋಗ್ತಾರೆ. ಅಮ್ಮಂಗೂ ಬೇಜಾರಿಲ್ಲ."

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಬೇಡವೆಂದಿದ್ದರೆ ಅವಳು ಹೇಗೋ ಇನ್ನೊಂದು ತಿಂಗಳು ತಳ್ಳುತ್ತಿದ್ದಳೇನೋ. ಚಿಕ್ಕಂದಿನಿಂದ ಅತ್ತೆಯ ಕೈತುತ್ತು ತಿಂದವಳು. ಆದರೆ ಅತ್ತೆ ಬೇಡವೆನ್ನಲಿಲ್ಲ.

"ತೆಗಿ" ಎಂದರು. "ಚುಕ್ಕಿ ಇಡೋರು ಹೋಗ್ಲಿ, ನನಗೇನು? ಬರೆಯೋರು ಬರೆದೇ ಬರೀತಾರೆ. ನೋಡ್ತಿರು."

ಹೀಗೆ ಹೇಳುವಾಗ ಅವರ ದನಿಯಲ್ಲಿ, ಗೆಲ್ಲುವ ಇಸ್ಪೀಟ್ ಎಲೆ ಕೈಯಲ್ಲಿರುವವರ ಉದಾಸೀನವಿತ್ತು. ನಕ್ಷತ್ರ ಹೋಯಿತು. ಪ್ರಶ್ನೆಯ ಪಕ್ಕದಲ್ಲಿ ಬೂದು ಅಕ್ಷರದಲ್ಲಿ "ಇಷ್ಟವಿದ್ದರೆ" ಎಂದು ಸೇರಿತು.

ಮರುದಿನ ಬೆಳಿಗ್ಗೆ ಅತ್ತೆಯ ಪ್ರಶ್ನೆಯ ಪೆಟ್ಟಿಗೆಗಳೆಲ್ಲ ಖಾಲಿ. ಮೊದಲ ದಿನ, ಇರಲಿ ಎಂದುಕೊಂಡರು. ವಾರ ಕಳೆಯಿತು. ಗಾಡಿಗಳ ನಂಬರುಗಳು ಬಂದವು, ವಿಳಾಸಗಳು ಬಂದವು, ನಾಮಿನಿಗಳು ಹಿಂದಿನಂತೆಯೇ ಇದ್ದರು. ಅತ್ತೆ ವೆಬ್‌ಸೈಟಿನವನಿಗೆ ಫೋನ್ ಮಾಡಿದರು.

"ನಿನ್ನ ಪೆಟ್ಟಿಗೆ ಕೆಟ್ಟಿದೆಯಪ್ಪ. ಜನ ಬರೆದದ್ದು ಈ ಕಡೆ ಬರ್ತಿಲ್ಲ."

"ಒಂದ್ನಿಮಿಷ ಇರಿ ಅಮ್ಮ."

ಸ್ವಲ್ಪ ಹೊತ್ತಿನಲ್ಲೇ ಪರದೆಯ ಮೇಲೆ ಹೊಸ ಸಾಲೊಂದು ಮೂಡಿತು. ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ? "ಟೆಸ್ಟಿಂಗ್."

"ಬಂತಾ ಅಮ್ಮ?"

"ಬಂತು."

"ಹಾಗಾದ್ರೆ ಸರಿಯಾಗೇ ಇದೆ."

ಆಮೇಲೆ ಕನ್ನಡಕದವರ ಅಂಗಡಿಯ ಬೆಂಕಿ ವಿಮೆಯ ಸರದಿ ಬಂತು. ಅತ್ತೆಗೆ ಆ ದಿನಾಂಕ ಬಾಯಿಪಾಠ. ಕನ್ನಡಕದವರು ಎಲ್ಲ ತುಂಬಿದ್ದರು: ಅಂಗಡಿಯ ಅಗಲ, ಗಾಜಿನ ಬೀರುಗಳ ಬೆಲೆ, ನೀರು ಸಿಂಪಡಿಸುವ ಸಾಧನ ಇಲ್ಲ. ಅತ್ತೆಯ ಪೆಟ್ಟಿಗೆ ಮಾತ್ರ ಖಾಲಿಯಿತ್ತು. ಅತ್ತೆ ಸ್ವಲ್ಪ ಹೊತ್ತು ನೋಡಿ, ಫೋನ್ ಎತ್ತಿದರು.

"ನಮಸ್ಕಾರ, ಅತ್ತೆ ಮಾತಾಡೋದು. ಭಾಮೈದ ಹೋದರಾ?"

"ಯಾರು... ಓ, ಅವನಾ! ಹೋಗಿ ಎಷ್ಟೋ ದಿನ ಆಯ್ತಲ್ಲ ಅತ್ತೆ. ಅವನು ಬಂದಿದ್ದು ನಿಮಗೆ ಯಾರು ಹೇಳಿದ್ರು?"

"ನೀವೇ ಬರೆದಿದ್ರಲ್ಲ, ಸ್ಕೂಟರ್ ಪಾಲಿಸೀಲಿ."

ಆ ಕಡೆಯಿಂದ ಮನಸಾರೆ ನಗು. "ಹೌದ್ಹೌದು! ಅದೇನೋ ತುಂಬದೇ ಇದ್ರೆ ಮುಂದಕ್ಕೇ ಬಿಡ್ತಿರಲಿಲ್ಲ, ಅದಕ್ಕೇ ಏನೋ ಒಂದು ಗೀಚಿದೆ. ಈ ಸಲ ಪರವಾಗಿಲ್ಲ ಅತ್ತೆ, ಬೇಗ ಆಯ್ತು. ಸೈಟ್ ಬಹಳ ಸುಧಾರಿಸಿದೆ."

"ಮನೆಯವರ ಮೊಣಕಾಲು?"

"ಹಾಗೇ ಇದೆ. ಅಂಗಡೀಲಿ ಜನ ಇದ್ದಾರೆ, ಇಡ್ಲಾ?"

"ಇಡಿ, ಇಡಿ."

ಸಂಜೆ ಸೊಸೆ ಹೊರಡುವ ಮುಂಚೆ ಕೌಂಟರಿಗೆ ಮೊಣಕೈ ಊರಿ ನಿಂತಳು. "ಏನತ್ತೆ, ಬರೀತಿದ್ದಾರಾ?"

"ಒಂದಿಬ್ಬರು" ಎಂದರು ಅತ್ತೆ, ಪರದೆಯನ್ನು ತಮ್ಮ ಕಡೆ ಸ್ವಲ್ಪ ತಿರುಗಿಸಿಕೊಂಡು.

"ನೋಡಿದ್ರಾ, ವೆಬ್‌ಸೈಟಿನವನು ಹೇಳಿರಲಿಲ್ವಾ? ಇಷ್ಟ ಇದ್ದವರು ಬರೀತಾರೆ." ಸೊಸೆ ಅವರ ಭುಜ ತಟ್ಟಿ ಹೋದಳು.

ಆ ತಿಂಗಳು ನವೀಕರಣಕ್ಕೆ ಬಂದವರಲ್ಲಿ ಯಾರೂ ಅರ್ಧಕ್ಕೆ ಬಿಟ್ಟು ಹೋಗಲಿಲ್ಲ. ಪೆಟ್ಟಿಗೆಯಲ್ಲಿ ಯಾರೂ ಏನೂ ಬರೆಯಲಿಲ್ಲ.