ಕಾಲಿಗೆ ಸಿಕ್ಕ ಬ್ರೇಕ್

ಬೇರೆ ಯಾರೇ ಕಾರು ಓಡಿಸಲಿ, ಪಕ್ಕದ ಸೀಟಿನಲ್ಲಿ ಕೂತ ನಾನು ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತೇನೆ. ಎದುರಿನಿಂದ ಬಸ್ಸು ಬಂದರೆ ಒತ್ತುತ್ತೇನೆ, ಬರದಿದ್ದರೆ ಬರಬಹುದೆಂದು ಒತ್ತುತ್ತೇನೆ. ಅಪ್ಪನ ಕಾರಿನಲ್ಲಿ ನಾನು ಕಾಲೂರುವ ಜಾಗದ ಮ್ಯಾಟು ಸವೆದು ತೂತುಬಿದ್ದಿದೆ. ಅದಕ್ಕೇ ಅಣ್ಣ ನನಗೆ ಬ್ರೇಕಮ್ಮ ಎಂದು ಹೆಸರಿಟ್ಟ. ಈಗೀಗ ಅಮ್ಮ ಕೂಡ ಊಟಕ್ಕೆ ಹಾಗೇ ಕರೆಯುತ್ತಾಳೆ.

ಕೆಮಿಸ್ಟ್ರಿಯಲ್ಲಿ ಡಿಗ್ರಿ ಮುಗಿಸಿ ನಾನು ಮೊದಲು ಸೇರಿದ್ದು ಔಷಧಿ ಪರೀಕ್ಷಿಸುವ ಲ್ಯಾಬಿಗೆ. ತೂಗಿದ ಪುಡಿಯನ್ನೇ ಮತ್ತೆ ತೂಗುತ್ತಿದ್ದೆ. ಆಮೇಲೆ ತಕ್ಕಡಿಯ ಮೇಲೇ ಅನುಮಾನ ಬಂದು ಇನ್ನೊಂದು ತಕ್ಕಡಿಗೆ ಹೋಗುತ್ತಿದ್ದೆ. ನನ್ನ ಹಿಂದೆ ಎಲ್ಲರೂ ಡಬ್ಬಿ ಹಿಡಿದು ಸಾಲಾಗಿ ನಿಂತಿರುತ್ತಿದ್ದರು. "ಎಚ್ಚರ ಒಳ್ಳೇದೇ ಕಣಮ್ಮ. ಆದ್ರೆ ನಮ್ಮ ಮಾತ್ರೆ ಅಂಗಡಿ ಸೇರೋಷ್ಟರಲ್ಲಿ ರೋಗ ತಾನಾಗೇ ವಾಸಿಯಾಗಿರುತ್ತೆ" ಎಂದು ಮ್ಯಾನೇಜರು ನಗುನಗುತ್ತಲೇ ಕಳಿಸಿಕೊಟ್ಟರು.

ಆಮೇಲೆ ಒಂದು ಹೋಟೆಲಿನ ರಿಸೆಪ್ಶನ್. ಬಂದವರಿಗೆ ರೂಮಿನ ಕೀಲಿ ಕೊಡುವಾಗ, ಬಾತ್‌ರೂಮಿನ ನೆಲ ಜಾರುತ್ತದೆ, ಲಿಫ್ಟು ಒಮ್ಮೊಮ್ಮೆ ನಡುವೆ ನಿಂತು ಯೋಚನೆ ಮಾಡುತ್ತದೆ, ಬಾಲ್ಕನಿಯ ಕಂಬಿಗೆ ಒರಗದಿದ್ದರೆ ಒಳ್ಳೆಯದು ಎಂದೆಲ್ಲ ಹೇಳುತ್ತಿದ್ದೆ. ಒಂದು ದಿನ ಹೊಸದಾಗಿ ಮದುವೆಯಾದ ಜೋಡಿ ಇಷ್ಟನ್ನೂ ಕೇಳಿಸಿಕೊಂಡು, ಕೀಲಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಎದುರಿನ ಹೋಟೆಲಿಗೆ ಹೋಯಿತು. ಅವತ್ತು ಸಂಜೆ ನಾನೂ ಮನೆಗೆ ಹೋದೆ.

"ಇನ್ನೊಂದು ಡಿಗ್ರಿ ಮಾಡ್ಲಿ" ಎಂದರು ಅಪ್ಪ.

"ಇರೋ ಡಿಗ್ರಿನೇ ಹೆದರ್ಕೊಂಡು ಮೂಲೇಲಿ ಕೂತಿದೆ, ಅದಕ್ಕೆ ಜೊತೆ ಬೇರೆ ಕೇಡು" ಎಂದಳು ಅತ್ತೆ. ಅತ್ತೆ ಅಂದರೆ ಅಪ್ಪನ ತಂಗಿ. ಸ್ವಂತದ್ದೊಂದು ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. "ನನ್ನ ಹತ್ರ ಕಳಿಸು ಅಣ್ಣ. ಫೋನ್ ಎತ್ಕೊಂಡಿರ್ಲಿ."

ಹಾಗೆ ನಾನು ಫೋನ್ ಎತ್ತತೊಡಗಿದೆ. ಗಾಜಿನ ಬಾಗಿಲಿನ ಒಂದೇ ಕೋಣೆ. ನಡುವೆ ಒಂದು ಮೇಜು, ಮೇಜಿನ ಮೇಲೆಲ್ಲ ಬಣ್ಣದಲ್ಲಿ ಬರೆದ ರಸ್ತೆಗಳು, ಅವುಗಳ ಮೇಲೆ ಆಟಿಕೆ ಕಾರುಗಳು. ಫೋನಿಲ್ಲದಾಗ ಆ ಕಾರುಗಳು ಒಂದಕ್ಕೊಂದು ತಗುಲದಂತೆ ದೂರ ದೂರ ಸರಿಸಿಡುತ್ತಿದ್ದೆ. ಬಿಡುವಿನಲ್ಲಿ ಓದಿ, ಕಲಿಸುವವರ ಲೈಸೆನ್ಸಿನ ಪರೀಕ್ಷೆಯನ್ನೂ ಪಾಸು ಮಾಡಿಕೊಂಡೆ. ನನಗೆ ಪರೀಕ್ಷೆಗಳು ಯಾವತ್ತೂ ಕಷ್ಟವಲ್ಲ, ಕೆಲಸಗಳೇ ಕಷ್ಟ.

ಅಷ್ಟರಲ್ಲಿ ಕಾರು ಕಲಿಸುವ ಮೇಷ್ಟ್ರು ತಮ್ಮ ಮನೆಯ ಮೆಟ್ಟಿಲ ಮೇಲೇ ಜಾರಿ ಕೈ ಮುರಿದುಕೊಂಡರು. ಅವರ ಪಾಲಿಗೆ ಬಂದಿದ್ದ ಹಲ್ಲಿನ ಡಾಕ್ಟರಮ್ಮ ನನ್ನ ಪಾಲಿಗೆ ಬಂದರು. ಊರಿನ ಅರ್ಧ ಜನರ ಬಾಯಿಗೆ ನಡುಗದೆ ಕೈಹಾಕಿದ ಹೆಂಗಸು, ಸ್ಟೀರಿಂಗಿಗೆ ಕೈಹಾಕಿದರೆ ನಡುಗುತ್ತಿದ್ದರು. ಡ್ರೈವಿಂಗ್ ಟೆಸ್ಟಿನಲ್ಲಿ ಎಷ್ಟು ಸಲ ಫೇಲಾಗಿದ್ದಾರೆಂದು ಅವರೂ ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

"ಇವರು ಪಾಸಾದ್ರೆ ನೀನು ಇಲ್ಲಿ ಟೀಚರ್," ಎಂದಳು ಅತ್ತೆ. "ಫೇಲಾದ್ರೆ ಫೋನಿಗೆ ವಾಪಸ್. ಅಲ್ಲಿಂದ ನಿಮ್ಮಪ್ಪನ ಇನ್ನೊಂದು ಡಿಗ್ರಿ ಎಷ್ಟು ಹತ್ರ ಅಂತ ನಿನಗೇ ಗೊತ್ತು."

ಮೊದಲ ಪಾಠ. ಡಾಕ್ಟರಮ್ಮ ಕಾರನ್ನು ಬೀದಿಗೆ ತಂದರು. ಮುಂದೆ ಒಂದು ನಾಯಿ ಫುಟ್‌ಪಾತಿನ ಮೇಲೆ ನಿಂತು ಯೋಚಿಸುತ್ತಿತ್ತು. ಅಭ್ಯಾಸಬಲದಿಂದ ನನ್ನ ಕಾಲು ಮುಂದಕ್ಕೆ ಹೋಯಿತು. ಕಾಲಿಗೆ ಏನೋ ಸಿಕ್ಕಿತು. ಒತ್ತಿದೆ. ಕಾರು ನಿಂತಿತು!

ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿಗೂ ಬ್ರೇಕ್ ಇರುತ್ತದೆಂದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಅದನ್ನೇ ಓದಿ ಪಾಸಾದವಳು. ಆದರೆ ಗೊತ್ತಿರುವುದು ಬೇರೆ, ಕಾಲಿಗೆ ಸಿಗುವುದು ಬೇರೆ. ಹುಟ್ಟಿದಾಗಿನಿಂದ ಒತ್ತಿದ ಬ್ರೇಕುಗಳೆಲ್ಲ ಒಟ್ಟಿಗೆ ಹಿಡಿದಂತಾಯಿತು. ನಾನು ಗಟ್ಟಿಯಾಗಿ ನಕ್ಕೆ. ಯಾಕೆಂದು ತಿಳಿಯದೆ ಡಾಕ್ಟರಮ್ಮನೂ ನಕ್ಕರು. ನಾಯಿ ರಸ್ತೆ ದಾಟಲೇ ಇಲ್ಲ.

ಒಂದೇ ಒಂದು ತೊಂದರೆಯಿತ್ತು. ನಾನು ಬ್ರೇಕ್ ಒತ್ತಿದಾಗಲೆಲ್ಲ ಡ್ಯಾಶ್‌ಬೋರ್ಡಿನೊಳಗೆ ಒಂದು ಬಜರ್ ಕೀಂ ಎಂದು ಕೂಗುತ್ತಿತ್ತು. ಒತ್ತಿದ್ದು ಕಲಿಯುವವರಲ್ಲ, ಕಲಿಸುವವರು ಎಂದು ತಿಳಿಯಲಿ ಎಂದು ಅದನ್ನು ಇಟ್ಟಿರುತ್ತಾರೆ. ಅದು ಕೂಗಿದರೆ ಡಾಕ್ಟರಮ್ಮ ಬೆಚ್ಚಿ ಎರಡೂ ಕೈಗಳನ್ನು ಸ್ಟೀರಿಂಗಿನಿಂದ ಮೇಲೆತ್ತಿಬಿಡುತ್ತಿದ್ದರು. ಅವರ ಒಳ್ಳೆಯದಕ್ಕೇ ಎಂದು ನಾನು ಅದರ ವೈರನ್ನು ಕಿತ್ತೆ.

ಆಮೇಲಿನ ಪಾಠಗಳು ಹಬೆಯಂತೆ ಹಗುರ. ಡಾಕ್ಟರಮ್ಮ ಹಾಡು ಗುನುಗುತ್ತ ಕಾರು ಓಡಿಸುತ್ತಿದ್ದರು. "ನಿಮ್ಮ ಕಾರು ಎಷ್ಟು ಒಳ್ಳೇದು ಟೀಚರೇ! ನಿಲ್ಲಿಸ್ಬೇಕು ಅಂದ್ಕೊಳ್ಳೋಷ್ಟರಲ್ಲಿ ನಿಂತೇಬಿಡುತ್ತೆ. ನನ್ನ ಮನಸ್ಸೇ ಓದುತ್ತೆ ಕಣ್ರೀ!"

ನನಗೂ ಹೆಮ್ಮೆಯೋ ಹೆಮ್ಮೆ. ಅಷ್ಟು ಬೇಗ ಕಲಿತರಲ್ಲ ಎಂದು!

ಟೆಸ್ಟಿಗೆ ವಾರವಿದ್ದಾಗ ಅತ್ತೆ ನೋಡಲು ಹಿಂದಿನ ಸೀಟಿನಲ್ಲಿ ಬಂದು ಕೂತಳು. ಒಂದು ಬೀದಿ ದಾಟಿತು.

"ಬಜರ್ ಯಾಕೆ ಕೂಗ್ತಿಲ್ಲ?"

"ಡಾಕ್ಟ್ರೇ ಬ್ರೇಕ್ ಹಾಕ್ತಿದಾರಲ್ಲ ಅತ್ತೆ."

ಅತ್ತೆ ಕಾರು ನಿಲ್ಲಿಸಲು ಹೇಳಿ, ಮುಂದೆ ಬಂದು ಬಗ್ಗಿ, ನೇತಾಡುತ್ತಿದ್ದ ವೈರನ್ನು ಸಿಕ್ಕಿಸಿದಳು. "ಈಗ ಹೋಗಿ."

ಕೀಂ. ತಿರುವಿನಲ್ಲಿ ಕೀಂ. ಹೂವಿನ ಕುಂಡದ ಪಕ್ಕ ಕೀಂ. ನಿಂತೇ ಇದ್ದ ಲಾರಿಯನ್ನು ಕಂಡು ಕೀಂ ಕೀಂ. ಕಾರಿನೊಳಗೆ ಜೀರುಂಡೆಗಳ ಸಂತೆ ನೆರೆದಂತಾಯಿತು. ಬಜರ್ ನಿಂತಾಗಿನಿಂದ ನನ್ನ ಕಾಲು ಒತ್ತುತ್ತಿದ್ದದ್ದು ನನಗೇ ತಿಳಿದಿರಲಿಲ್ಲ; ಡಾಕ್ಟರಮ್ಮನ ಕಾಲು ಒಂದು ಸಲವೂ ಬ್ರೇಕಿನ ಹತ್ತಿರ ಸುಳಿದಿರಲಿಲ್ಲ.

ಅವರ ಮುಖ ಸಣ್ಣದಾಯಿತು. "ಅಂದ್ರೆ... ಇಷ್ಟು ದಿನ ಕಾರು ನಿಲ್ಲಿಸ್ತಿದ್ದದ್ದು ನಾನಲ್ವಾ?"

ಟೆಸ್ಟಿನ ದಿನ ನನ್ನ ಜಾಗದಲ್ಲಿ ಇನ್‌ಸ್ಪೆಕ್ಟರು ಕೂರುತ್ತಾರೆ. ಅವರು ಬ್ರೇಕ್ ಒತ್ತಿ ಬಜರ್ ಕೂಗಿತೆಂದರೆ ಅಲ್ಲಿಗೆ ಫೇಲ್. ಅಪ್ಪನ ಇನ್ನೊಂದು ಡಿಗ್ರಿ ನನ್ನ ಕಣ್ಣ ಮುಂದೆಯೇ ಬಂದು ನಿಂತಿತು.

ನಾನು ಅಳುವ ಮೊದಲೇ ಅತ್ತೆ ನಗತೊಡಗಿದ್ದಳು. ಕಣ್ಣೀರು ಒರೆಸಿಕೊಳ್ಳುತ್ತ, "ಚಪ್ಪಲಿ ಬಿಚ್ಚು" ಎಂದಳು. "ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ಕೋ. ಇವತ್ತಿಂದ ನಿನ್ನ ಕಾಲಿಗೆ ರಜಾ. ಏನು ಕಂಡ್ರೂ ಬಾಯಲ್ಲಿ ಹೇಳು. ತೀರಾ ಜೀವ ಹೋಗೋ ಹಾಗಿದ್ರೆ ಮಾತ್ರ ಕಾಲು ಇಳಿಸು."

ಕಾಲು ಕಟ್ಟಿದ ಮೇಲೆ ಬಾಯಿ ಬಿಚ್ಚಿಕೊಂಡಿತು. ನನಗೆ ಕಾಣುವುದನ್ನೆಲ್ಲ ಹೇಳುತ್ತ ಹೋದೆ. "ಆ ಸೈಕಲ್ ತಾತ ಹಿಂದೆ ನೋಡ್ದೇ ತಿರುಗ್ತಾರೆ. ಕೊಡೆ ಬಗ್ಗಿಸಿಕೊಂಡು ಬರೋರಿಗೆ ನಾವು ಕಾಣಲ್ಲ. ಚೆಂಡು ಬಂತು ಅಂದ್ರೆ ಹಿಂದೇನೇ ಮಗು ಬರುತ್ತೆ. ನಿಂತಿರೋ ಕಾರಿನ ಬಾಗಿಲು ನೋಡ್ಬೇಡಿ ಡಾಕ್ಟ್ರೇ, ಒಳಗಿರೋರ ಭುಜ ನೋಡಿ. ಇಳಿಯೋಕೆ ಮುಂಚೆ ಭುಜ ತಿರುಗುತ್ತೆ."

"ಅಯ್ಯೋ, ನಿಮ್ಮ ತಲೇಲಿ ಯಾವಾಗ್ಲೂ ಇದೇ ಓಡ್ತಿರುತ್ತಾ?"

"ನಿದ್ದೇಲೂ."

"ಎಂಥ ಸುಖ!" ಎಂದರು ಡಾಕ್ಟರಮ್ಮ. "ಯಾವುದು ಯಾವಾಗ ಮೇಲೆ ಬೀಳುತ್ತೋ ಅಂತ ಗೊತ್ತಾಗದೇನೇ ನಾನು ನಡುಗ್ತಿದ್ದದ್ದು. ನಿಮಗೆ ಮೊದಲೇ ಗೊತ್ತಾಗಿಬಿಡುತ್ತಲ್ಲ!" ಮರುದಿನದಿಂದ ಅವರೂ ನನ್ನ ಜೊತೆ ದನಿಗೂಡಿಸಿದರು. ಇಬ್ಬರೂ ಒಟ್ಟಿಗೆ ಗಟ್ಟಿಯಾಗಿ ಹೆದರುತ್ತ ಊರೆಲ್ಲ ಸುತ್ತಿದೆವು. ಮೊದಲು ಮಗ್ಗಿಯಂತೆ ಒಪ್ಪಿಸುತ್ತಿದ್ದವರು, ಆಮೇಲೆ ನನಗಿಂತ ಮುಂಚೆ ಹೇಳತೊಡಗಿದರು. ಮಾತಿನ ಹಿಂದೆಯೇ ಅವರ ಕಾಲೂ ಬ್ರೇಕಿಗೆ ಹೋಗುತ್ತಿತ್ತು.

ಟೆಸ್ಟಿಗೆ ಬಂದ ಇನ್‌ಸ್ಪೆಕ್ಟರಿಗೆ ಮುಖಕ್ಕಿಂತ ಮೀಸೆಯೇ ದೊಡ್ಡದು. ಹಿಂದಿನ ಸೀಟಿನಲ್ಲಿ ಕೂರಬಹುದು, ಬಾಯಿ ತೆರೆಯಬಾರದು ಎಂದು ನನಗೆ ಅಪ್ಪಣೆಯಾಯಿತು. ಕಾಲುಗಳನ್ನು ಮಡಚಿ ಅವುಗಳ ಮೇಲೇ ಕೂತು, ಬಾಯಿಗೆ ಕೈ ಅಡ್ಡ ಹಿಡಿದೆ.

ಕಾರು ಹೊರಟಿತು. "ತರಕಾರಿ ಚೀಲದ ಅಮ್ಮ ಇನ್ನೂ ದಾಟಲ್ಲ, ಚೀಲ ಕೆಳಗಿಟ್ಟಿದಾರೆ," ಎಂದರು ಡಾಕ್ಟರಮ್ಮ. "ಸ್ಕೂಟರ್ ಹುಡುಗಿ ಫೋನ್ ನೋಡ್ತಿದಾಳೆ, ಹತ್ರ ಹೋಗ್ಬಾರ್ದು."

ಮೀಸೆ ತಿರುಗಿತು. "ಯಾರ ಜೊತೆ ಮಾತು?"

"ನನ್ನ ಜೊತೇನೇ ಸರ್. ನಮಗೆ ಹೀಗೇ ಕಲಿಸಿರೋದು."

ಸ್ವಲ್ಪ ದೂರ ಹೋದ ಮೇಲೆ ಇನ್‌ಸ್ಪೆಕ್ಟರೂ ತಡೆಯಲಾರದೆ, "ಆ ವ್ಯಾನು ಹಿಂದಕ್ಕೆ ಬರಬಹುದು" ಎಂದರು.

"ಬರಲ್ಲ ಸರ್, ಡ್ರೈವರ್ ಬಾಯ್ತುಂಬ ಬಾಳೆಹಣ್ಣಿದೆ."

ಹಿಂದೆ ಕೂತು ನಾನು ನಗು ನುಂಗಿದೆ. ಆಗ ಮುಂದೆ, ರಸ್ತೆ ಬದಿಗೆ ನಿಂತಿದ್ದ ನೀಲಿ ಕಾರಿನೊಳಗೆ ಒಂದು ಭುಜ ತಿರುಗಿದ್ದು ಕಂಡಿತು. ಡಾಕ್ಟರಮ್ಮ ಏನೂ ಹೇಳಲಿಲ್ಲ. ಪಕ್ಕದಲ್ಲಿ ಬಸ್ಸು ಒತ್ತಿಕೊಂಡು ಬರುತ್ತಿತ್ತು, ಸರಿಯಲು ಜಾಗವಿರಲಿಲ್ಲ. ನೀಲಿ ಕಾರಿನ ಬಾಗಿಲು ರಪ್ಪನೆ ರಸ್ತೆಗೆ ತೆರೆದುಕೊಂಡಿತು. ಇನ್‌ಸ್ಪೆಕ್ಟರ ಬೂಟು ನೆಲ ಬಿಟ್ಟು ಮೇಲೆದ್ದಿತು. ನಾನು ಕಣ್ಣು ಮುಚ್ಚಿ ಕೀಂ ಎನ್ನುವ ಸದ್ದಿಗೆ ಕಾದೆ.

ಸದ್ದಿಲ್ಲ.

ಕಣ್ಣು ತೆರೆದರೆ ಕಾರು ಆಗಲೇ ನಿಂತಿತ್ತು. ಬೂಟು ಇನ್ನೂ ಗಾಳಿಯಲ್ಲೇ ಇತ್ತು. ನೀಲಿ ಕಾರಿನಿಂದ ಇಳಿದವರು ಎಲೆಅಡಿಕೆ ಉಗುಳುವವರಂತೆ ಒಮ್ಮೆ ಬಗ್ಗಿ, ಬಿದ್ದ ಕನ್ನಡಕ ಎತ್ತಿಕೊಂಡು, ನಮ್ಮನ್ನು ನೋಡದೆಯೇ ಹೊರಟುಹೋದರು.

"ನಿಮಗೆ ಹ್ಯಾಗೆ ಗೊತ್ತಾಯ್ತು?" ಎಂದರು ಇನ್‌ಸ್ಪೆಕ್ಟರು ಕಾಲು ಇಳಿಸುತ್ತ.

"ಭುಜ ಸರ್," ಎಂದರು ಡಾಕ್ಟರಮ್ಮ. "ಅಂದ ಹಾಗೆ ನಿಮ್ಮ ಎಡಗಡೆ ದವಡೆ ಹಲ್ಲು ನೋಯ್ತಿದೆ. ಆವಾಗಿಂದ ಬಲಗಡೆ ಮಾತ್ರ ಮಾತಾಡ್ತಿದೀರಿ. ನಾಳೆ ಬನ್ನಿ."

ಪಾಸ್ ಎಂದು ಕೇಳಿದೊಡನೆ ನಾನು ಕಾರಿನಿಂದ ಹಾರಿದೆ. ಎರಡೂ ಕಾಲು ಜೋಮುಹಿಡಿದಿದ್ದವು. ಸೀದಾ ಡಾಕ್ಟರಮ್ಮನ ಮೇಲೆ ಬಿದ್ದೆ. ಕಾಲೆಳೆದುಕೊಂಡು, ಒಬ್ಬರನ್ನೊಬ್ಬರು ಹಿಡಿದುಕೊಂಡು, ಆರ್‌ಟಿಒ ಅಂಗಳದಲ್ಲಿ ನಾವಿಬ್ಬರೂ ಕುಣಿದೆವೋ ತೂರಾಡಿದೆವೋ, ನೋಡಿದವರೇ ಹೇಳಬೇಕು.

ಡ್ರೈವಿಂಗ್ ಸ್ಕೂಲಿಗೆ ವಾಪಸ್ ಬಂದಾಗ ಫೋನ್ ರಿಂಗಾಗುತ್ತಿತ್ತು. ನಾನು ಕುಂಟುತ್ತಲೇ ಅದರ ಕಡೆ ಓಡಿದೆ.

"ಎಲ್ಲಿಗೆ?" ಎಂದಳು ಅತ್ತೆ. "ಕೂತ್ಕೋ. ಅದು ನಿನ್ನ ಕೆಲಸ ಅಲ್ಲ."

ತಾನೇ ಹೋಗಿ ಎತ್ತಿದಳು. ಆ ಕಡೆಯವರು ಏನೋ ಬಹಳ ಹೊತ್ತು ತೋಡಿಕೊಂಡರು. ಅತ್ತೆ ನನ್ನನ್ನೇ ನೋಡುತ್ತ, "ತುಂಬಾ ಹೆದರಿಕೆ ಆಗುತ್ತಾ? ಏನೂ ಯೋಚನೆ ಮಾಡ್ಬೇಡಿ," ಎಂದಳು. "ನಿಮಗಿಂತ ಜಾಸ್ತಿ ಹೆದರೋ ಟೀಚರ್ ನಮ್ಮಲ್ಲಿದಾರೆ."