ಒಂಬತ್ತನೇ ವಿಮಾನದ ಮುಳ್ಳು

ನನ್ನ ಅಣ್ಣ ದರ್ಜಿ, ನಾನು ಲಿಫ್ಟ್ ರಿಪೇರಿಯವನು. ಅವನು ಹೊಲಿದ ಕೋಟನ್ನು ತೊಟ್ಟವರೆಲ್ಲ ಹೊಗಳುತ್ತಾರೆ. ಲಿಫ್ಟಿನವನನ್ನು ಹೊಗಳಿದವರನ್ನು ಮಾತ್ರ ನಾನಿನ್ನೂ ನೋಡಬೇಕು. ಲಿಫ್ಟ್ ನಿಂತರೆ ಬೈಯುತ್ತಾರೆ, ನಡೆದರೆ ಅದರ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಾರೆ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಆಮೇಲೆ ‘ಇವನ್ಯಾಕೆ ಹೀಗೆ ಮಾಡಿದ’ ಎಂದು ನೀವು ತಲೆ ಕೆಡಿಸಿಕೊಳ್ಳುವುದು ಬೇಡ.

ಎರಡು ವರ್ಷದ ಹಿಂದೆ ಅಣ್ಣನಿಗೆ ಲಕ್ವ ಹೊಡೆಯಿತು. ಜೀವ ಉಳಿಯಿತು, ಎಡಗೈ ಸೋತಿತು. ಆದರೂ ಅಂಗಡಿ ಬಿಡಲಿಲ್ಲ. ಅತ್ತಿಗೆ ಬಟ್ಟೆ ಹಿಡಿದುಕೊಳ್ಳುವಳು, ಇವನು ಬಲಗೈಯಲ್ಲಿ ಕತ್ತರಿ ಆಡಿಸುವನು. ಹೋದ ಬೇಸಗೆಯಲ್ಲಿ ಯಾರದೋ ಕೋಟಿನ ತೋಳು ಎರಡು ಬೆರಳು ಗಿಡ್ಡವಾಯಿತು. ಅಣ್ಣನ ಮಗಳು ಆಸ್ಪತ್ರೆಯಲ್ಲಿ ನರ್ಸು, ಮಾತು ಇಂಜೆಕ್ಷನ್ನಿನಷ್ಟೇ ನೇರ. “ಸಾಕಪ್ಪಾ, ಅಂಗಡಿ ಮುಚ್ಚಿಬಿಡು. ಕೈ ಹೋಗಿದೆ, ನಾಳೆ ಇನ್ನೊಂದು ಹೋಗತ್ತೆ. ಜನ ನಗೋ ಮೊದ್ಲೇ ಎದ್ದು ಬಾ,” ಎಂದಳು. ಅತ್ತಿಗೆ ಮಾತಾಡಲಿಲ್ಲ. ಅವಳು ಮಾತಾಡಲಿಲ್ಲವೆಂದರೆ ಒಪ್ಪಿದಳೆಂದೇ ಲೆಕ್ಕ.

ಆಗಲೇ ನಾನು ಅವನನ್ನು ನಮ್ಮ ಕ್ಲಬ್ಬಿಗೆ ಕರೆದುಕೊಂಡು ಹೋದದ್ದು. ಪಾಪ ಅನ್ನಿಸಿತ್ತು, ಸುಳ್ಳಲ್ಲ.

ಟೈರ್ ಅಂಗಡಿಯ ಮಹಡಿ ಮೇಲೆ ಒಂದು ಉದ್ದನೆಯ ಹಾಲ್. ಅದರಲ್ಲಿ ಒಂಬತ್ತು ಕಂಪ್ಯೂಟರು, ಹಳೆಯ ಬಸ್ಸಿನಿಂದ ಕಿತ್ತು ತಂದ ಒಂಬತ್ತು ಸೀಟು, ನೋಡುವವರಿಗೆಂದು ಗೋಡೆಗೆ ಒಂದು ದೊಡ್ಡ ಪರದೆ. ನಮ್ಮ ಮುಖಂಡರು ಒಬ್ಬ ಹಲ್ಲಿನ ಡಾಕ್ಟರು. ಹಳೆಯ ಯುದ್ಧವೊಂದರಲ್ಲಿ ಒಂಬತ್ತು ವಿಮಾನಗಳು ಒಂದೇ ಗುಂಪಾಗಿ ಹಾರಿ, ನದಿಯ ಸೇತುವೆ ಮುರಿದು, ಒಂಬತ್ತೂ ವಾಪಸು ಬಂದಿದ್ದವಂತೆ. ಆ ಹಾರಾಟವನ್ನೇ ಅವತ್ತಿನ ಗಾಳಿ, ಅವತ್ತಿನ ಮೋಡ, ಅವತ್ತಿನ ಭಾರದೊಂದಿಗೆ ನಾವು ಕೂತಲ್ಲೇ ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಹಾರಬೇಕು. ವಿಮಾನ ತಿರುಗಿಸುವ ಕೋಲನ್ನು ಸೀಟಿಗೆ ಕೂರಿಸುವುದರಿಂದ ಹಿಡಿದು ಯಾವ ವಿಮಾನದಲ್ಲಿ ಯಾವ ನಿಮಿಷಕ್ಕೆ ಏನಾಗಬೇಕೆಂದು ಕಂಪ್ಯೂಟರಿಗೆ ಬರೆದುಕೊಡುವವರೆಗೆ ಎಲ್ಲ ಕೆಲಸ ನನ್ನದು. ಹಾರುವುದರಲ್ಲಿ ನನ್ನದು ಮೂರನೇ ವಿಮಾನ. ಆರು ವರ್ಷದ ಅಭ್ಯಾಸ.

ಒಂಬತ್ತನೇ ಸೀಟು ಖಾಲಿ ಬಿದ್ದಿತ್ತು. ವೇಗದ ಹಿಡಿಯನ್ನು ಎಡಗೈಯಲ್ಲಿ ತಳ್ಳಬೇಕು, ಅಣ್ಣನಿಗೆ ಅದೇ ಆಗದು. ನಾನು ಹಿಡಿ ಕಿತ್ತು ಬಿಸಾಡಿ, ಹಳೆಯ ಹೊಲಿಗೆಯಂತ್ರದ ಪೆಡಲಿಗೆ ತಂತಿ ಎಳೆದುಕೊಟ್ಟೆ. ಒತ್ತಿದಷ್ಟು ವೇಗ. ನನ್ನ ಕೈಯಾರೆ ನಾನೇ ಮಾಡಿಕೊಂಡ ಕೆಲಸ!

ನಲವತ್ತು ವರ್ಷ ಪೆಡಲು ತುಳಿದ ಕಾಲು ಅದು. ರೇಷ್ಮೆಗೆ ಎಷ್ಟು, ಉಣ್ಣೆಗೆ ಎಷ್ಟು ಎಂದು ತಲೆಯನ್ನು ಕೇಳದೆ ತಾನೇ ತಿಳಿದುಕೊಳ್ಳುವ ಕಾಲು. ಗುಂಪು ಹಾರಾಟದಲ್ಲಿ ಕಷ್ಟವೆಂದರೆ ಅದೇ: ಪಕ್ಕದವನಿಗಿಂತ ಕೂದಲೆಳೆ ಮುಂದೆ ಹೋಗಬಾರದು, ಹಿಂದೆ ಬೀಳಬಾರದು. ಮೂರು ವಾರದಲ್ಲಿ ಅಣ್ಣನ ವಿಮಾನ ಎಂಟನೆಯದರ ರೆಕ್ಕೆಗೆ ಹೊಲಿದ ಹಾಗೆ ನಿಂತುಬಿಟ್ಟಿತು. ನನ್ನದು ಅಂದಿಗೂ ಇಂದಿಗೂ ಓಲಾಡುತ್ತದೆ.

“ನೋಡಿ ಕಲೀರಿ,” ಎಂದರು ಡಾಕ್ಟರು, ಎಲ್ಲರೆದುರು. “ನಿಮ್ಮಣ್ಣನ ಕಾಲಿಗಿರೋ ಬುದ್ಧಿ ನಿಮ್ಮ ತಲೆಗಿಲ್ವಲ್ರೀ!”

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಚಿಕ್ಕಂದಿನಿಂದ ಕೇಳಿದ ನಗು ಅದು. ಓದಿನಲ್ಲಿ ಅವನು ಮುಂದೆ, ಈಜಿನಲ್ಲಿ ಅವನು ಮುಂದೆ, ಅಪ್ಪನ ಬಾಯಲ್ಲಿ ಅವನು ಮುಂದೆ. ಒಂದು ಕೈ ಸೋತ ಮೇಲೂ ಮುಂದೆಯೇ ಅಂದರೆ ಯಾವ ನ್ಯಾಯ? ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ನನಗೆ ಹೊಟ್ಟೆ ಉರಿಯಿತು.

ಬರುವ ಭಾನುವಾರ ಜನರೆದುರು ಆ ಹಾರಾಟ ಎಂದು ಗೊತ್ತಾಗಿತ್ತು. ಮನೆಯಲ್ಲಿ ಅವನು ಮಗಳ ಜೊತೆ ಪಂಥ ಕಟ್ಟಿದ್ದ. “ಭಾನುವಾರ ಬಂದು ನೋಡು. ನನ್ನ ವಿಮಾನ ಗುಂಪಿನ ಜೊತೆ ಇಳೀತಾ, ಅಂಗಡಿ ವಿಷಯ ಎತ್ತಬಾರ್ದು. ಇಳೀಲಿಲ್ವಾ, ನಾನೇ ಬಾಗಿಲು ಹಾಕ್ತೀನಿ.”

“ಆಯ್ತು,” ಎಂದಳು ಅವಳು. “ಮಾತು ತಪ್ಪಬಾರ್ದು.”

ಗುರುವಾರ ಡಾಕ್ಟರು ನನ್ನನ್ನು ತಮ್ಮ ಹಲ್ಲಿನ ಕ್ಲಿನಿಕ್ಕಿಗೆ ಕರೆಸಿ, ಯಾರದೋ ಬಾಯಲ್ಲಿ ಹತ್ತಿ ತುರುಕಿ ಕೂರಿಸಿ, ಪಕ್ಕದ ಕೋಣೆಗೆ ಬಂದರು. ಆ ಯುದ್ಧದಲ್ಲಿ ಒಂಬತ್ತನೇ ವಿಮಾನ ಹಾರಿಸಿದ್ದ ಪೈಲಟ್ಟನ ಟಿಪ್ಪಣಿ ಅವರಿಗೆ ಹೊಸದಾಗಿ ಸಿಕ್ಕಿತ್ತು. ವಾಪಸು ಬರುವಾಗ ಎಂಜಿನ್ನಿನ ಎಣ್ಣೆ ಸೋರಿ, ಎಣ್ಣೆ ಅಳತೆಯ ಮುಳ್ಳು ಕೆಳಗೆ ಬಿತ್ತಂತೆ. ಆಮೇಲೆ ಶಕ್ತಿ ಇಳಿಯಿತಂತೆ. ಮುಳ್ಳು ನೋಡಿದವನೇ ಪೈಲಟ್ ಕೂಗಿದ. ಮುಖಂಡ ಇಡೀ ಗುಂಪನ್ನು ನಿಧಾನ ಮಾಡಿ, ಅವನನ್ನು ನಡುವೆ ಹಾಕಿಕೊಂಡು ಮನೆಗೆ ತಂದ.

“ಇದನ್ನ ಹಾಗ್‌ಹಾಗೇ ಬರೀರಿ. ಮೊದ್ಲು ಮುಳ್ಳು, ಒಂದು ನಿಮಿಷ ಬಿಟ್ಟು ಶಕ್ತಿ. ನಿಮ್ಮಣ್ಣನಿಗೆ ಹೇಳ್ಬೇಡಿ. ಆ ಪೈಲಟ್ಟಿಗೆ ಯಾರು ಮೊದ್ಲೇ ಹೇಳಿದ್ರು? ಅವ್ರೇ ನೋಡ್ಲಿ, ಅವ್ರೇ ಕೂಗ್ಲಿ. ಜನ ಎದ್ದು ನಿಂತು ಚಪ್ಪಾಳೆ ತಟ್ತಾರೆ.”

ಚಪ್ಪಾಳೆ! ಆ ಮಾತು ಅವರು ಆಡದಿದ್ದರೆ ಏನಾಗುತ್ತಿತ್ತೋ. ಕಂಪ್ಯೂಟರಿನ ಮುಂದೆ ಕೂತು ಶಕ್ತಿ ಇಳಿಯುವ ಸಾಲು ಬರೆದೆ. ಮುಳ್ಳು ಬೀಳುವ ಸಾಲು ಬರೆಯಲಿಲ್ಲ. ಮರೆತೆ ಎಂದು ಹೇಳಿದರೆ ನೀವು ನಂಬಬಹುದು, ಆದರೆ ಬೇಕೆಂದೇ ಬಿಟ್ಟೆ.

ಭಾನುವಾರ ಬೆಳಿಗ್ಗೆ ಕ್ಲಬ್ಬಿನ ಹಾಲ್ ಜನರಿಂದ ತುಂಬಿತ್ತು. ಅತ್ತಿಗೆ, ಮಗಳು ಮುಂದಿನ ಬೆಂಚಿನಲ್ಲಿ. ಅಣ್ಣ ಕೋಟು ತೊಟ್ಟು ಬಂದಿದ್ದ, ತಾನೇ ಹೊಲಿದದ್ದು. ಹೋಗುವ ದಾರಿಯುದ್ದಕ್ಕೂ ಅವನ ವಿಮಾನ ಅಲುಗಲಿಲ್ಲ. ಸೇತುವೆ ಬಿತ್ತು, ಜನ ಹೋ ಎಂದರು. ಮಗಳು ಪರದೆಯತ್ತ ಬಾಗಿ ಅತ್ತಿಗೆಯ ಮಂಡಿ ಹಿಡಿದುಕೊಂಡದ್ದು ನನ್ನ ಸೀಟಿಗೆ ಕಾಣುತ್ತಿತ್ತು.

ಸಮುದ್ರದ ಮೇಲೆ ವಾಪಸು ಬರುವಾಗ, ಪರದೆಯಲ್ಲಿ ಒಂಬತ್ತನೆಯದು ಒಂದು ಗೇಣು ಹಿಂದೆ ಬಿತ್ತು.

ಅಣ್ಣ ಪೆಡಲು ಒತ್ತಿದ. ಇನ್ನೂ ಒತ್ತಿದ. ನಾನು ಕತ್ತು ಹೊರಳಿಸಿ ನೋಡಿದೆ. ಅವನು ಮುಳ್ಳುಗಳನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದ, ಎಲ್ಲ ನೆಟ್ಟಗಿದ್ದವು. ಆಮೇಲೆ ಬಗ್ಗಿ ತನ್ನ ಕಾಲನ್ನು ನೋಡಿಕೊಂಡ. ಬಲಗೈಯನ್ನು ಕೋಲಿನಿಂದ ತೆಗೆದು ಮಂಡಿಯನ್ನು ಅದುಮಿದ.

“ಒಂಬತ್ತು, ಏನಾಯ್ತು?” ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಡಾಕ್ಟರ ದನಿ. ಅವರು ಬಾಯಿ ಚಪ್ಪರಿಸಿಕೊಂಡು ಅಣ್ಣನ ಕೂಗಿಗೆ ಕಾಯುತ್ತಿದ್ದರು.

“ಏನಿಲ್ಲ,” ಎಂದ ಅಣ್ಣ. “ಬರ್ತೀನಿ. ಬಂದೆ.”

ಹೇಳುವುದಾದರೂ ಏನನ್ನು? ಎಂಜಿನ್ ಸರಿಯಿದೆ, ಕಾಲು ಹೋಗುತ್ತಿದೆ ಎಂದು, ಹೆಂಡತಿ ಮಗಳ ಮುಂದೆ? ಗುಂಪು ಮುಂದೆ ಸಾಗಿತು. ಅವನ ವಿಮಾನ ಚಿಕ್ಕದಾಗಿ, ಕೆಳಗಿಳಿದು, ದಡಕ್ಕೆ ಇನ್ನೇನು ತಲುಪಬೇಕು ಎನ್ನುವಾಗ ನೀರಿಗೆ ಬಿತ್ತು. ನಾವು ಎಂಟು ಜನ ಇಳಿದೆವು. ಒಂದೆರಡು ಕೈ ಚಪ್ಪಾಳೆ ತಟ್ಟಿ ನಿಂತವು.

ಡಾಕ್ಟರು ಕೆಂಡವಾಗಿದ್ದರು. “ಅಲ್ರೀ, ಎಣ್ಣೆ ಮುಳ್ಳು ಬಿದ್ದಿದ್ದು ಕಾಣ್ಲಿಲ್ವಾ? ಕೂಗಿದ್ರೆ ನಾನು ನಿಧಾನ ಮಾಡ್ತಿದ್ನಲ್ಲ!”

“ಮುಳ್ಳು ನೆಟ್ಟಗಿತ್ತು,” ಎಂದ ಅಣ್ಣ. “ನೋಡ್ದೆ. ಎರಡು ಸಲ ನೋಡ್ದೆ.”

“ಕುಣಿಯಲಾರದವರಿಗೆ ನೆಲ ಡೊಂಕು. ಏನ್ರೀ, ನೀವು ಬರೆದಿದ್ರಿ ತಾನೇ?” ಎಂದು ಅವರು ನನ್ನತ್ತ ತಿರುಗಿದರು.

ಅಣ್ಣನೂ ನನ್ನತ್ತ ನೋಡಿದ. ಅಂಥ ನೋಟ ಅವನ ಮುಖದಲ್ಲಿ ನಾನು ಕಂಡೇ ಇರಲಿಲ್ಲ. ಬೇಡುತ್ತಿದ್ದ. ಜೀವಮಾನದಲ್ಲಿ ಮೊದಲ ಸಲ ನನ್ನ ಹತ್ತಿರ ಏನನ್ನೋ ಬೇಡುತ್ತಿದ್ದ.

“ಬರೆದಿದ್ದೆ,” ಎಂದೆ. “ಮುಳ್ಳು ಬಿತ್ತು. ನನ್ನ ಸೀಟಿಂದ್ಲೂ ಕಾಣ್ತಿತ್ತು.”

“ಹೌದಾ,” ಎಂದ. ಕಣ್ಣುಜ್ಜಿಕೊಂಡು, “ಹಾಗಾದ್ರೆ ನಂಗೇ ಕಾಣ್ಲಿಲ್ಲ,” ಎಂದ.

ಮಗಳು ಬಂದು ಅವನ ಕಣ್ಣಿನ ಮುಂದೆ ಬೆರಳು ಆಡಿಸಿದಳು. “ಎಷ್ಟು ಹೇಳಪ್ಪಾ?” ಅವನು ಸರಿಯಾಗಿಯೇ ಹೇಳಿದ, ಆದರೆ ಸರಿ ತಾನೇ ಎಂದು ಅವಳನ್ನೇ ಕೇಳಿದ. ಅವಳು ಅಳುತ್ತಿದ್ದಳು. ಎಲ್ಲರೂ ಚಹಾಕ್ಕೆ ಇಳಿದಾಗ ನಾನು ಬಿಟ್ಟಿದ್ದ ಸಾಲನ್ನು ಸೇರಿಸಿದೆ. ಡಾಕ್ಟರು ಬೇಕಾದರೆ ಬಂದು ನೋಡಿಕೊಳ್ಳಲಿ.

ಅಣ್ಣ ಮಾತು ತಪ್ಪುವವನಲ್ಲ. ಬುಧವಾರದೊಳಗೆ ಅಂಗಡಿ ಖಾಲಿ ಮಾಡಿದ. ಕತ್ತರಿಗಳನ್ನು ಎದುರು ಬೀದಿಯ ದರ್ಜಿಗೆ ಕೊಟ್ಟುಬಿಟ್ಟ. ಕೊನೆಯ ಪೆಟ್ಟಿಗೆ ಹೊರಲು ನನ್ನನ್ನೇ ಕರೆದಿದ್ದ. “ನೀನೊಬ್ಬ ಇದೀಯಲ್ಲ, ಅದೇ ಸಮಾಧಾನ,” ಎಂದ. ನಾನು ಪೆಟ್ಟಿಗೆ ಎತ್ತಿಕೊಂಡೆ.

ಮನೆಗೆ ಹೋಗಲು ರಸ್ತೆ ದಾಟಬೇಕು. ಅವನು ಅಂಚಿನಲ್ಲಿ ನಿಂತುಬಿಟ್ಟ. ನಡು ಮಧ್ಯಾಹ್ನ, ಅತ್ತಿಂದಿತ್ತ ಒಂದು ಸೈಕಲ್ ಕೂಡ ಇರಲಿಲ್ಲ.

“ಏನಾದ್ರೂ ಬರ್ತಿದ್ಯಾ ನೋಡು,” ಎಂದ.

“ಏನೂ ಇಲ್ಲ.”

“ಸರಿಯಾಗಿ ನೋಡಿದ್ಯಾ?”

“ನೋಡ್ದೆ, ಬಾ.”

ಅವನು ನನ್ನ ತೋಳು ಹಿಡಿದುಕೊಂಡು ದಾಟಿದ.